ಹತ್ತು ಸೆಕೆಂಡಿನ ಅಲೆ ಮತ್ತು ಒಂದು ಅನುಪಾತದ ಕಥೆ

ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಬೆಳಿಗ್ಗೆ ಏಳುತ್ತಲೇ ‘ನಿಮ್ಮ ಸ್ಟ್ರೆಸ್ ಹೆಚ್ಚಿದೆ’ ಎಂದು ತಿಳಿಸುವುದು ಈಗ ಮಾಮೂಲು ಸಂಗತಿ. ಬಡಿತದಿಂದ ಬಡಿತಕ್ಕೆ ಅಂತರ ಎಷ್ಟು ಏರುಪೇರಾಗುತ್ತದೆ ಎಂಬ ಲೆಕ್ಕ ಆ ಮಾತಿನ ಹಿಂದಿದೆ. ಅದಕ್ಕೂ ಹಿಂದೆ, ದೇಹವು ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿಯಲು ನಡೆದ ದೀರ್ಘ ಪ್ರಯತ್ನವೂ, ಇನ್ನೂ ಪೂರ್ತಿ ತೀರದ ಒಂದು ವಾದವೂ ಇವೆ.

1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಧಮನಿಗೆ ಕೊಳವೆ ಜೋಡಿಸಿ ರಕ್ತ ಎಂಟಡಿಗೂ ಮೇಲೇರಿದ್ದನ್ನು ಪ್ರಕಟಿಸಿದಲ್ಲಿಂದ, 1876ರಲ್ಲಿ ಮೇಯರ್ ಉಸಿರಾಟಕ್ಕಿಂತ ನಿಧಾನವಾದ ಒತ್ತಡದ ಅಲೆಗಳನ್ನು ವರ್ಣಿಸಿ, 1899ರಲ್ಲಿ ಒಟ್ಟೊ ಫ್ರಾಂಕ್ ಧಮನಿಗಳ ಹಿಗ್ಗುವಿಕೆಗೆ ಗಣಿತದ ರೂಪ ಕೊಡುವವರೆಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಡೀ ರಕ್ತಪರಿಚಲನೆಯನ್ನು ಒಂದೇ ಮಾದರಿಯೊಳಗೆ ತಂದವರು ಅಮೆರಿಕದ ಮಿಸಿಸಿಪ್ಪಿಯ ಆರ್ಥರ್ ಗೈಟನ್ ಮತ್ತು ಸಂಗಡಿಗರು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಪಠ್ಯಪುಸ್ತಕದ ಮೂಲಕ ಬಲ್ಲ ಗೈಟನ್ ಇವರೇ. 1972ರ ಅವರ ಮಾದರಿಯಲ್ಲಿ ನೂರಾರು ಸಮೀಕರಣಗಳಿದ್ದವು. ಒತ್ತಡದ ದೀರ್ಘಕಾಲದ ಮಟ್ಟವನ್ನು ತೀರ್ಮಾನಿಸುವುದು ಉಪ್ಪನ್ನೂ ನೀರನ್ನೂ ಹೊರಹಾಕುವ ಮೂತ್ರಪಿಂಡ ಎಂಬುದು ಅದರ ತಿರುಳು. ಒತ್ತಡವನ್ನು ಗ್ರಹಿಸುವ ನರಗಳನ್ನು ಕತ್ತರಿಸಿದ ನಾಯಿಗಳಲ್ಲಿ ಸರಾಸರಿ ಒತ್ತಡ ಹೆಚ್ಚೇನೂ ಬದಲಾಗದೆ, ಅದರ ಹೊಯ್ದಾಟ ಮಾತ್ರ ವಿಪರೀತವಾದದ್ದನ್ನು ಇದೇ ಬಳಗ ಮರುವರ್ಷ ತೋರಿಸಿತು. ಹೀಗಾಗಿ ನರವ್ಯೂಹದ ಪಾಲಿಗೆ ಕ್ಷಣಕ್ಷಣದ ಹತೋಟಿಯ ಕೆಲಸ ಉಳಿಯಿತು. ವಿವಾದ ಬೆಳೆದದ್ದೂ ಅಲ್ಲೇ.

ಮಲಗಿದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ಕೆರೋಟಿಡ್ ಧಮನಿಯಲ್ಲೂ ಮಹಾಪಧಮನಿಯಲ್ಲೂ ಇರುವ ಗ್ರಾಹಕಗಳು ಒತ್ತಡ ಕುಸಿದದ್ದನ್ನು ಮಿದುಳಿನ ಬುಡಕ್ಕೆ ತಿಳಿಸುತ್ತವೆ. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ತನ್ನ ಬಿಗಿಯನ್ನು ಸಡಿಲಿಸಿದರೆ ಮುಂದಿನ ಒಂದೆರಡು ಬಡಿತಗಳಲ್ಲೇ ಹೃದಯದ ವೇಗ ಏರುತ್ತದೆ. ರಕ್ತನಾಳಗಳನ್ನು ಬಿಗಿಯಬೇಕಾದ ಸಿಂಪಥೆಟಿಕ್ ನರಗಳ ಆಜ್ಞೆ ಮಾತ್ರ ಕೆಲವು ಸೆಕೆಂಡು ತಡವಾಗಿ ಫಲ ಕೊಡುತ್ತದೆ. ಗೀಸರಿನ ನೀರು ನಲ್ಲಿಗೆ ತಡವಾಗಿ ಬರುವ ಬಚ್ಚಲಲ್ಲಿ ನಲ್ಲಿಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಒಮ್ಮೆ ಸುಡುನೀರು, ಒಮ್ಮೆ ತಣ್ಣೀರು ಮಾಡಿಕೊಳ್ಳುತ್ತೇವಲ್ಲ, ಇಲ್ಲಿ ಆಗುವುದೂ ಅದೇ. ತಿದ್ದುಪಡಿ ತಡವಾದಷ್ಟೂ ಗುರಿ ದಾಟಿಹೋಗುತ್ತದೆ, ಒತ್ತಡ ತೂಗಾಡುತ್ತದೆ. ಮನುಷ್ಯರಲ್ಲಿ ಈ ತೂಗಾಟದ ಒಂದು ಸುತ್ತಿಗೆ ಸುಮಾರು 10 ಸೆಕೆಂಡು. ನೆದರ್ಲೆಂಡ್ಸಿನ ಡಿ ಬೋಯರ್, ಕಾರೆಮೇಕರ್ ಮತ್ತು ಸ್ಟ್ರಾಕೀ 1987ರಲ್ಲಿ ಬಡಿತದಿಂದ ಬಡಿತಕ್ಕೆ ಸಾಗುವ ಕೆಲವೇ ಸಮೀಕರಣಗಳನ್ನು ಬರೆದು, ಮಿದುಳಿನಲ್ಲಿ ಪ್ರತ್ಯೇಕ ಲಯಗಾರನಿಲ್ಲದೆಯೇ ಈ ವಿಳಂಬ ಮಾತ್ರದಿಂದ ಅಲೆ ಹುಟ್ಟಬಲ್ಲದು ಎಂದು ತೋರಿಸಿದರು. ಈ ಕ್ಷೇತ್ರದ ಅತ್ಯಂತ ಅಚ್ಚುಕಟ್ಟಾದ ಕೆಲಸಗಳಲ್ಲಿ ಇದೊಂದು. ಸಿಗಬೇಕಾದಷ್ಟು ಗಮನ ಅದಕ್ಕೆ ಸಿಗಲಿಲ್ಲವೆಂದೇ ಹೇಳಬೇಕು.

ಏಕೆಂದರೆ ಅಷ್ಟರಲ್ಲಿ ಇನ್ನೊಂದು ದಾರಿ ಜನಪ್ರಿಯವಾಗಿತ್ತು. 1981ರಲ್ಲಿ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ನಾಯಿಗಳ ಹೃದಯಬಡಿತದ ಏರಿಳಿತವನ್ನು ಆವರ್ತನಗಳಾಗಿ ಬಿಡಿಸಿ, ಉಸಿರಿನೊಂದಿಗೆ ಬರುವ ವೇಗದ ಅಲೆ ವೇಗಸ್ ನರದ್ದೆಂದೂ, ನಿಧಾನದ ಅಲೆಯಲ್ಲಿ (ಮನುಷ್ಯರಲ್ಲಿ ಅದೇ 10 ಸೆಕೆಂಡಿನದು) ಎರಡೂ ಬಗೆಯ ನರಗಳ ಪಾಲಿದೆಯೆಂದೂ ಕಂಡುಕೊಂಡರು. ಐದು ವರ್ಷಗಳ ಬಳಿಕ, ನಿಧಾನದ ಅಲೆಯನ್ನು ವೇಗದ ಅಲೆಯಿಂದ ಭಾಗಿಸಿದಾಗ ಬರುವ ಅನುಪಾತದಿಂದ ಸಿಂಪಥೆಟಿಕ್ ಮತ್ತು ವೇಗಸ್ ನರಗಳ ‘ಸಮತೋಲನ’ ತಿಳಿಯುತ್ತದೆ, ಅದು ಏರಿದರೆ ಸಿಂಪಥೆಟಿಕ್ ನರಗಳದ್ದೇ ಮೇಲುಗೈ ಎಂಬ ಸಲಹೆ ಬಂತು. ಇಸಿಜಿ ಒಂದಿದ್ದರೆ ಸಾಕು, ಸೂಜಿ ಬೇಡ, ಉತ್ತರ ಒಂದೇ ಅಂಕಿ. ಈ ಅನುಕೂಲದ ಮುಂದೆ ‘ಎರಡೂ ನರಗಳ ಪಾಲು’ ಎಂಬ ಮಾತು ಹಿಂದೆ ಸರಿಯಿತು.

1987ರ ಆ ವಿಳಂಬದ ಮಾದರಿ ಹೇಳುವುದು ಬೇರೆಯೇ. ನಿಧಾನದ ಅಲೆಯ ಎತ್ತರ ನರ ಎಷ್ಟು ಚುರುಕಾಗಿದೆ ಎಂಬುದನ್ನಷ್ಟೇ ಅಲ್ಲ, ಪ್ರತಿಕ್ರಿಯೆ ಎಷ್ಟು ತೀಕ್ಷ್ಣ, ಎಷ್ಟು ತಡ ಎಂಬುದನ್ನೂ ಅವಲಂಬಿಸಿದೆ. ತೀವ್ರ ಹೃದಯವೈಫಲ್ಯದ ರೋಗಿಗಳಲ್ಲಿ ಸಿಂಪಥೆಟಿಕ್ ನರಗಳು ಅತಿಯಾಗಿ ದುಡಿಯುತ್ತಿದ್ದರೂ ಈ ಅಲೆ ಕುಗ್ಗುತ್ತದೆ. ಪ್ರಾಣಾಯಾಮದ ಉದಾಹರಣೆ ಇನ್ನೂ ಸ್ಪಷ್ಟ: ನಿಮಿಷಕ್ಕೆ ಆರು ಬಾರಿ ಉಸಿರಾಡುವವರ ಉಸಿರಿನ ಅಲೆ ಅದೇ 10 ಸೆಕೆಂಡಿನ ಅಲೆಯ ಮೇಲೆ ಕೂರುತ್ತದೆ, ವೇಗದ ಅಲೆ ಬಹುಪಾಲು ಮಾಯವಾಗುತ್ತದೆ, ಅನುಪಾತ ಮೇಲಕ್ಕೆ ಜಿಗಿಯುತ್ತದೆ. ಲೆಕ್ಕದ ಪ್ರಕಾರ, ನೆಮ್ಮದಿಯಾಗಿ ಕುಳಿತಿರುವ ಆ ವ್ಯಕ್ತಿ ಭಾರಿ ಸ್ಟ್ರೆಸ್‌ನಲ್ಲಿದ್ದಾನೆ! ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಜಪಮಾಲೆಯ ಪ್ರಾರ್ಥನೆಯೂ ಮಂತ್ರಪಠಣವೂ ಉಸಿರನ್ನು ಇದೇ ಲಯಕ್ಕೆ ತರುವುದನ್ನು ಕಂಡರು. ಆಗ ರಕ್ತದೊತ್ತಡ ನಿಯಂತ್ರಣದ ಪ್ರತಿಕ್ರಿಯೆ ಹೆಚ್ಚು ಸೂಕ್ಷ್ಮವಾಗಿತ್ತು.

1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರ ಕಾರ್ಯಪಡೆ ಅಳತೆಯ ಮಾನದಂಡಗಳನ್ನು ರೂಪಿಸಿದಾಗ ಈ ಭಿನ್ನಾಭಿಪ್ರಾಯವನ್ನೂ ದಾಖಲಿಸಿತ್ತು. ಮರುವರ್ಷ ಎಕ್‌ಬರ್ಗ್ ‘ಸಮತೋಲನ’ದ ಕಲ್ಪನೆಯನ್ನೇ ಕಟುವಾಗಿ ಪರಿಶೀಲಿಸಿದರು. ಆದರೂ ಪ್ರಬಂಧಗಳಲ್ಲಿ ಅನುಪಾತ ಉಳಿದುಕೊಂಡಿದೆ, ಬಹುಶಃ ಕಂಪ್ಯೂಟರ್ ಅದನ್ನು ತಾನಾಗಿಯೇ ಮುದ್ರಿಸಿಕೊಡುವ ಕಾರಣದಿಂದ.

ಇತ್ತ ಮೂತ್ರಪಿಂಡದ ಪ್ರಶ್ನೆಯೂ ಮತ್ತೆ ತೆರೆದುಕೊಂಡಿದೆ. ರಕ್ತದೊತ್ತಡ ಇಳಿಸಲು ಮೂತ್ರಪಿಂಡದ ನರಗಳನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ 2014ರ ದೊಡ್ಡ ಪರೀಕ್ಷೆಯಲ್ಲಿ ಸೋತು, ಬಳಿಕದ ಪರೀಕ್ಷೆಗಳಲ್ಲಿ ಸಾಧಾರಣ ಫಲ ತೋರಿ, 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕ್ಷಣಕ್ಷಣದ ಹತೋಟಿ ನರದ್ದು, ದೀರ್ಘಕಾಲದ್ದು ಮೂತ್ರಪಿಂಡದ್ದು ಎಂಬ ಹಳೆಯ ವಿಂಗಡಣೆ ಈಗ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಮಾದರಿಯಲ್ಲಿ ಹೆಣೆಯುವ ಕೆಲಸ ನಡೆಯುತ್ತಿದೆ. ಅದಕ್ಕೆ ಬಡಿತದ ಜೊತೆಗೆ ಪ್ರತಿ ಬಡಿತದ ರಕ್ತದೊತ್ತಡವೂ ಬೇಕು. ವಾಚುಗಳ ಸ್ಟ್ರೆಸ್ ಅಂಕಿ ಮಾತ್ರ ಮುಖ್ಯವಾಗಿ ಬಡಿತವನ್ನೇ ನಂಬಿಕೊಂಡಿದೆ.