ಗರ್ತಾಂಗ್ ಗಲಿ ಅಂದ್ರೆ ಏನು?

ಮೊದಲು ಉಚ್ಚಾರಣೆ. ಗಲಿ ಅನ್ನೋದನ್ನ ಇಂಗ್ಲಿಷ್ ಸ್ಪೆಲಿಂಗ್ (Gali) ನೋಡ್ಕೊಂಡು ಓದಿದ್ರೆ ಅದು ಗಾಲಿನೂ ಆಗುತ್ತೆ, ಗಾಳಿನೂ ಆಗುತ್ತೆ, ಆದ್ರೆ ಎರಡೂ ಅಲ್ಲ. ಇದು ಹಿಂದಿಯ ಗಲೀ, ಅಂದ್ರೆ ನಾವು ದಿನಾ ಹೇಳೋ ಗಲ್ಲಿನೇ. ಗಲ್ಲಿ ಕ್ರಿಕೆಟ್, ಗಲ್ಲಿಗೊಂದು ಗಣೇಶ ಅಂತೀವಲ್ಲ, ಅದೇ ಗಲ್ಲಿ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, ಸುಮಾರು 11,000 ಅಡಿ ಎತ್ತರದಲ್ಲಿ, ನೆಟ್ಟಗೆ ನಿಂತ ಬಂಡೆಯ ಮೈಗೆ ಅಂಟಿಸಿದ ಹಾಗೆ ಒಂದು ಮರದ ಮೆಟ್ಟಿಲ ದಾರಿ ಇದೆ, ಅದಕ್ಕೆ ಈ ಹೆಸರು. ಉದ್ದ ಸುಮಾರು 136 ಮೀಟರ್, ಅಗಲ 1.8 ಮೀಟರ್ ಅಷ್ಟೇ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮರದ ಕಟಕಟೆ, ಅದರಾಚೆ ಬರೀ ಆಳ, ಆ ಆಳದಲ್ಲಿ ಜಾಡ್ ಗಂಗಾ ಹರೀತಿರ್ತಾಳೆ. ಈ ಹೊಳೆಗೆ ಜಾಹ್ನವಿ ಅಂತಾನೂ ಹೆಸರು, ಹೌದು, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇಡ್ತೀವಲ್ಲ ಅದೇ ಜಾಹ್ನವಿ, ಮುಂದೆ ಭೈರೋಂಘಾಟಿ ಹತ್ರ ಹೋಗಿ ಭಾಗೀರಥಿ ಸೇರ್ತಾಳೆ.

ಬಂಡೆ ಮೇಲಿನ ದಾರಿಗೆ ಗಲ್ಲಿ ಅಂತ ಯಾಕಂದ್ರು? ನಮ್ಮ ಮನಸ್ಸಿಗೆ ಗಲ್ಲಿ ಅಂದ್ರೆ ಎರಡೂ ಕಡೆ ಮನೆ ಇರೋ ಇಕ್ಕಟ್ಟಾದ ಓಣಿ. ಆದ್ರೆ ಹಿಮಾಲಯದ ಆ ಭಾಗಗಳಲ್ಲಿ ಬೆಟ್ಟಗಳ ನಡುವಿನ ಇಕ್ಕಟ್ಟು ದಾರಿಗೂ ಇದೇ ಪದ ನಡೆಯುತ್ತೆ. ಕಾಶ್ಮೀರದ ಮೊಘಲ್ ರೋಡ್ ಮೇಲೆ ಪೀರ್ ಕಿ ಗಲಿ ಅಂತ ಒಂದು ಕಣಿವೆ ದಾರಿ ಇದೆ, ಪಾಕಿಸ್ತಾನದ ಅಬೋಟಾಬಾದ್ ಕಡೆ ನಥಿಯಾ ಗಲಿ ಇದೆ. ನನಗೆ ಈ ಪದ ತುಂಬಾ ಇಷ್ಟ ಆಗೋದು ಯಾಕೆ ಅಂದ್ರೆ ಈಗ ರೀಲ್ಸ್‌ಗಳಲ್ಲಿ ಇದನ್ನ ಸ್ಕೈವಾಕ್, ಅಡ್ವೆಂಚರ್ ಟ್ರೇಲ್, ಡೇಂಜರಸ್ ಬ್ರಿಡ್ಜ್ ಅಂತೆಲ್ಲ ಕರೀತಾರೆ, ಇದನ್ನ ಬಳಸ್ತಿದ್ದ ಜನಕ್ಕೆ ಮಾತ್ರ ಇದು ಸಂತೆಗೆ ಹೋಗಿ ಬರೋ ದಾರಿ. ಗಲ್ಲಿ ಅನ್ನೋ ಪದದಲ್ಲಿ ಆ ಓಡಾಟ ಇದೆ, ಸ್ಕೈವಾಕ್‌ನಲ್ಲಿ ಇಲ್ಲ.

ಈ ದಾರಿ ನೇಲಾಂಗ್ ಕಣಿವೆ ಮೂಲಕ ಟಿಬೆಟ್ ಕಡೆ ಹೋಗ್ತಿತ್ತು. ನೇಲಾಂಗ್, ಜಾದುಂಗ್ ಅನ್ನೋ ಊರುಗಳಲ್ಲಿ ಇದ್ದವರು ಜಾಡ್ ಭೋಟಿಯಾ ಜನ, ಕುರಿ ಸಾಕೋರು, ಉಣ್ಣೆ ನೇಯೋರು, ಬೇಸಿಗೆ ಬಂದ್ರೆ ವ್ಯಾಪಾರಿಗಳು. ಟಿಬೆಟ್‌ನಿಂದ ಉಪ್ಪು, ಉಣ್ಣೆ, ಚರ್ಮ ಬರ್ತಿತ್ತು, ಇಲ್ಲಿಂದ ಧಾನ್ಯ, ಬೆಲ್ಲ, ತಂಬಾಕು, ಎಣ್ಣೆ ಹೋಗ್ತಿತ್ತು. ಟಿಬೆಟ್‌ನ ಅಷ್ಟು ಎತ್ತರದ ಒಣ ನೆಲದಲ್ಲಿ ಬೆಲ್ಲಕ್ಕೆ ಬೇಕಾದ ಕಬ್ಬು ಬೆಳೆಯೋಕಾಗಲ್ಲ, ಬೆಟ್ಟದ ಈ ಕಡೆ ಸಮುದ್ರ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಆದ್ರೆ ಟಿಬೆಟ್‌ನಲ್ಲಿ ಉಪ್ಪಿನ ಸರೋವರಗಳಿವೆ, ಹಾಗಾಗಿ ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕಿತ್ತು. ಉತ್ತರಕಾಶಿ ಪಟ್ಟಣದ ಹಳೇ ಹೆಸರು ಬಾರಾಹಾಟ್, ಹಾಟ್ ಅಂದ್ರೆ ಸಂತೆ, ಟಿಬೆಟ್‌ನ ವ್ಯಾಪಾರಿಗಳು ಅಲ್ಲೀವರೆಗೂ ಇಳಿದು ಬರ್ತಿದ್ರು. ಹಿಮಾಲಯದಲ್ಲಿ ಕುರಿ ಮೇಕೆಗಳ ಬೆನ್ನ ಮೇಲೂ ಚಿಕ್ಕ ಚಿಕ್ಕ ಚೀಲ ಕಟ್ಟಿ ಉಪ್ಪು ಸಾಗಿಸ್ತಿದ್ರು. ಇಂಥಾ ದಾರೀಲಿ ಅದೇ ಸರಿ, ಎತ್ತಿನ ಗಾಡಿ ಕನಸಲ್ಲೂ ಹೋಗಲ್ಲ.

ಕಟ್ಟಿದ್ದು ಯಾರು ಅಂದ್ರೆ, ಪೇಶಾವರದಿಂದ ಬಂದ ಪಠಾಣರು, ಸುಮಾರು 150 ವರ್ಷದ ಹಿಂದೆ ಬಂಡೆ ಕಡಿದು ಮಾಡಿದ್ರು ಅಂತ ಅಲ್ಲಿನ ಜನ ಹೇಳ್ತಾರೆ. ಕೆಲಸದ ರೀತಿ ನೋಡಿದ್ರೇ ಕೈ ಮುಗೀಬೇಕು ಅನ್ಸುತ್ತೆ: ಬಂಡೆಯನ್ನ ಪಕ್ಕದಿಂದ ಕೊರೆದು ಜಾಗ ಮಾಡಿದ್ದಾರೆ, ಹಾಗಾಗಿ ಕೆಲವು ಕಡೆ ತಲೆ ಮೇಲೂ ಕಲ್ಲೇ ಚಾಚಿಕೊಂಡಿದೆ, ಕಾಲ ಕೆಳಗೆ ಕಬ್ಬಿಣದ ಆಸರೆ ಕೊಟ್ಟು ಅದರ ಮೇಲೆ ಹಲಗೆ ಹಾಸಿದ್ದಾರೆ. ಪಠಾಣರು ಕಡಿದ ದಾರಿ, ಭೋಟಿಯಾಗಳ ಕುರಿ, ಟಿಬೆಟ್ ಉಪ್ಪು, ಬಯಲಿನ ಬೆಲ್ಲ, ಎಲ್ಲ 136 ಮೀಟರ್‌ನಲ್ಲಿ.

1962ರ ಚೀನಾ ಯುದ್ಧದಲ್ಲಿ ಎಲ್ಲ ನಿಂತುಹೋಯ್ತು. ಗಡಿ ಮುಚ್ಚಿತು, ನೇಲಾಂಗ್ ಮತ್ತೆ ಜಾದುಂಗ್ ಖಾಲಿ ಮಾಡಿಸಿದ್ರು, ಜನ ಹರ್ಸಿಲ್ ಪಕ್ಕದ ಬಗೋರಿಗೆ, ಇನ್ನೂ ಕೆಳಗೆ ಡುಂಡಾಕ್ಕೆ ಬಂದು ನೆಲೆಸಿದ್ರು. ಅವರ ಊರುಗಳಿದ್ದ ಜಾಗದಲ್ಲಿ ಸೇನೆ, ಐಟಿಬಿಪಿ (ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆ) ಬಂತು. ಈ ಭಾಗ ಓದುವಾಗ ನನಗೆ ಪ್ರತಿ ಸಲ ಬೇಜಾರಾಗುತ್ತೆ, ಯುದ್ಧ ಅಂದ್ರೆ ಸೈನಿಕರ ಲೆಕ್ಕ ಮಾತ್ರ ನಮಗೆ ಗೊತ್ತು, ಉಪ್ಪಿನ ಚೀಲ ಇಳಿಸಿ ಮನೆಗೆ ಬೀಗ ಹಾಕಿದವರ ಲೆಕ್ಕ ಯಾರೂ ಪಾಠದಲ್ಲಿ ಹೇಳಿಕೊಡಲಿಲ್ಲ. ಆಮೇಲೆ ನೇಲಾಂಗ್‌ಗೆ ವಾಹನ ಹೋಗೋ ರಸ್ತೆ ಬೇರೆ ಆಯ್ತು, ಹಳೇ ಗಲಿಯ ಹಲಗೆ ಕೊಳೆತು ಉದುರ್ತಾ ಹೋಯ್ತು.

ಮತ್ತೆ ತೆರೆದಿದ್ದು 2021ರ ಆಗಸ್ಟ್‌ನಲ್ಲಿ, ಅಂದ್ರೆ 59 ವರ್ಷ ಆದ್ಮೇಲೆ. ಸುಮಾರು 64 ಲಕ್ಷ ರೂಪಾಯಿ ಖರ್ಚು ಮಾಡಿ ರಿಪೇರಿ ಮಾಡಿದ್ರು, ಒಂದೇ ಸಲಕ್ಕೆ 10 ಜನಕ್ಕಿಂತ ಹೆಚ್ಚು ಬಿಡಬಾರದು, ಮೆಟ್ಟಿಲ ಮೇಲೆ ಕುಣಿಯೋದು ಹಾರೋದು ಮಾಡಬಾರದು ಅಂತ ರೂಲ್ಸ್ ಮಾಡಿದ್ರು. ಒಂದು ತಿಂಗಳು ಕೂಡ ಆಗಿರಲಿಲ್ಲ, ಹೊಸ ಮರದ ಕಟಕಟೆ ಮೇಲೆ ಯಾರೋ ಬಂದವರು ತಮ್ಮ ಹೆಸರು ಕೆತ್ತಿಬಿಟ್ಟಿದ್ರು, ಪೊಲೀಸ್ ಕೇಸೇ ಆಯ್ತು. ಬಂಡೆ ಕಡಿದು ಆ ದಾರಿ ಮಾಡಿದವರ ಒಂದು ಹೆಸರೂ ಅಲ್ಲಿ ಇಲ್ಲ, ನೋಡೋಕೆ ಬಂದವರಿಗೆ ಹೆಸರು ಬೇಕಾಯ್ತು.

ಚಾರ್‌ಧಾಮ್‌ಗೆ ಹೋಗೋ ನಮ್ಮ ಕಡೆಯವರು ಇದರ ಹತ್ರಾನೇ ಹಾದು ಹೋಗ್ತಾರೆ, ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಗಂಗೋತ್ರಿಗೆ ಸುಮಾರು 10 ಕಿಲೋಮೀಟರ್ ಮುಂಚೆ ಲಂಕಾ ಅಂತ ಒಂದು ಸೇತುವೆ ಸಿಗುತ್ತೆ, ಅಲ್ಲಿಂದ ಎರಡು ಎರಡೂವರೆ ಕಿಲೋಮೀಟರ್ ನಡಿಗೆ. ಜಾಗ ಗಂಗೋತ್ರಿ ನ್ಯಾಷನಲ್ ಪಾರ್ಕ್ ಒಳಗೆ ಬರೋದ್ರಿಂದ ಪರ್ಮಿಟ್ ತಗೋಬೇಕು, ಚಳಿಗಾಲದಲ್ಲಿ ಪಾರ್ಕ್ ಮುಚ್ಚಿರುತ್ತೆ. ಹೋದ್ರೆ ಬಗೋರಿಗೂ ಅರ್ಧ ದಿನ ಇಟ್ಕೊಳ್ಳಿ. ಆ ಗಲ್ಲಿಯಲ್ಲಿ ಓಡಾಡಿದವರ ಮಕ್ಕಳು ಮೊಮ್ಮಕ್ಕಳು ಇರೋದು ಅಲ್ಲಿ, ಉಣ್ಣೆ ನೂಲೋದು ನೇಯೋದು ಅಲ್ಲಿ ಈಗಲೂ ಇದೆ.