ಅಪ್ಪನ ಎಚ್‌ಎಂಟಿ ಪೈಲಟ್ ಒರಿಜಿನಲ್ ಅಂತ ಕೊಳ್ಳುವವರಿಗೆ ಹೇಗೆ ತೋರಿಸೋದು?

ಪ್ರಶ್ನೆ: ನಮ್ಮ ತಂದೆ ಸಕಲೇಶಪುರದಲ್ಲಿ ಮೇಷ್ಟ್ರಾಗಿದ್ದಾಗ ತಗೊಂಡ ಎಚ್‌ಎಂಟಿ ಪೈಲಟ್ ವಾಚು ಮನೆಯಲ್ಲಿದೆ. ಈಗ ನಾವು ಹಾಸನದಲ್ಲಿದ್ದೇವೆ, ಅದನ್ನು ಯಾರೂ ಕಟ್ಟುವುದಿಲ್ಲ. ಮಾರೋಣ ಅಂತ ಫೋಟೋ ಹಾಕಿದರೆ ಎಲ್ಲರದ್ದೂ ಒಂದೇ ಮಾತು: “ಬಾಂಬೆ ಮಾಲಲ್ಲ ಅಂತ ಏನು ಗ್ಯಾರಂಟಿ?” ಬಿಲ್ಲಿಲ್ಲ, ಡಬ್ಬಿ ಇಲ್ಲ. ಒರಿಜಿನಲ್ ಅಂತ ಹೇಗೆ ತೋರಿಸಲಿ?

ಉತ್ತರ: ಕೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರ ಅನುಮಾನಕ್ಕೆ ಕಾರಣ ಇದೆ. ಎಚ್‌ಎಂಟಿ ವಾಚ್ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಇನ್ನು ಹೊಸದು ಬರುವುದಿಲ್ಲ ಅಂತ ಜನ ಅಂದುಕೊಂಡ ಮೇಲೆ ಹಳೆಯದಕ್ಕೆ ಬೇಡಿಕೆ ಜಾಸ್ತಿಯಾಯಿತು, ಅದರ ಹಿಂದೆಯೇ ಬೇರೆ ಬೇರೆ ವಾಚಿನ ಭಾಗ ಸೇರಿಸಿ ಜೋಡಿಸಿದ ಮಾಲೂ ಬಂತು. ‘ಬಾಂಬೆ ಮಾಲು’ ಅನ್ನುವುದು ಅದನ್ನೇ. ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಆದ ಜನತಾ ವಾಚಿನಲ್ಲೂ ಪೈಲಟ್‌ನಲ್ಲೂ ಇರುವುದು ಕೀ ಕೊಡುವ 17 ಜುವೆಲ್‌ನ (ಸವೆಯದಿರಲಿ ಅಂತ ಒಳಗೆ ಕೂರಿಸುವ ಪುಟ್ಟ ಹರಳು) ಅದೇ ಜಾತಿಯ ಮಶೀನು. ಹಾಗಾಗಿ ಕೆಟ್ಟು ಮೂಲೆ ಸೇರಿದ ಜನತಾಕ್ಕೆ ಹೊಸದಾಗಿ ಬಣ್ಣ ಹೊಡೆದ ಕಪ್ಪು ಡಯಲ್ ಕೂರಿಸಿದರೆ ಮುಗಿಯಿತು, ಅದು ಪೈಲಟ್.

ಇನ್ನೊಂದು ಮಾತು, ನಿಮಗೆ ಸ್ವಲ್ಪ ಬೇಜಾರಾಗಬಹುದು. ನಿಮ್ಮ ತಂದೆ ಅಂಗಡಿಯಲ್ಲಿ ಹೊಸದು ತಗೊಂಡದ್ದು ನಿಜವೇ ಇರಬಹುದು, ಆದರೆ ಅಷ್ಟರಿಂದಲೇ ವಾಚು ಇವತ್ತಿಗೂ ಒರಿಜಿನಲ್ ಅಂತ ಆಗುವುದಿಲ್ಲ. ಆಗೆಲ್ಲ ವಾಚು ಅಂದರೆ ದಿನಾ ಕಟ್ಟುವ ವಸ್ತು. ಡಯಲ್ ಮಾಸಿದರೆ ಬಣ್ಣ ಹೊಡೆಸುತ್ತಿದ್ದರು, ಮುಳ್ಳು ಬಿದ್ದರೆ ಬೇರೆ ಯಾವುದೋ ವಾಚಿನದ್ದು ಹಾಕಿಸುತ್ತಿದ್ದರು, ಅದರಲ್ಲಿ ಮೋಸ ಅನ್ನುವುದು ಏನೂ ಇರಲಿಲ್ಲ. ಅಪ್ಪನಿಗೇ ಅದು ನೆನಪಿರಲಿಕ್ಕಿಲ್ಲ. ಅದಕ್ಕೇ “ಇಡೀ ವಾಚು ಒರಿಜಿನಲ್” ಅಂತ ಒಂದೇ ಏಟಿಗೆ ಹೇಳಲು ಹೋಗಬೇಡಿ. ಡಯಲ್, ಮುಳ್ಳು, ಕೀ, ಕೇಸು, ಮಶೀನು ಅಂತ ಬಿಡಿಬಿಡಿಯಾಗಿ ಹೇಳಿ. ನೋಡಬೇಕಾದದ್ದು ಮುಖ್ಯವಾಗಿ ಒಂದು: ಎಲ್ಲ ಭಾಗಕ್ಕೂ ಒಂದೇ ವಯಸ್ಸಾಗಿದೆಯಾ?

ಡಯಲ್‌ನಿಂದ ಶುರು ಮಾಡಿ, ಬೆಲೆ ನಿಂತಿರುವುದೇ ಅದರ ಮೇಲೆ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಇರುತ್ತದಲ್ಲ, 10 ಪಟ್ಟು ದೊಡ್ಡದಾಗಿ ಕಾಣುವಂಥದ್ದು, ಅದು ಸಾಕು. ಕಾರ್ಖಾನೆಯ ಅಚ್ಚಾದರೆ ಅಕ್ಷರದ ಅಂಚು ಚೂಪಾಗಿರುತ್ತದೆ, ಗೆರೆಯ ದಪ್ಪ ಎಲ್ಲೂ ಹೆಚ್ಚುಕಮ್ಮಿ ಆಗಿರುವುದಿಲ್ಲ. ಆಮೇಲೆ ಬಣ್ಣ ಹೊಡೆದದ್ದಾದರೆ ಅಕ್ಷರ ಸ್ವಲ್ಪ ಊದಿಕೊಂಡಂತೆ ಕಾಣುತ್ತದೆ, ನಿಮಿಷದ ಗೆರೆ ಒಂದು ಕಡೆ ಅಂಚಿಗೆ ಹತ್ತಿರ, ಇನ್ನೊಂದು ಕಡೆ ದೂರ. ಡಯಲ್ ಅಂಚಿನಲ್ಲಿ, ಸಾಮಾನ್ಯವಾಗಿ 3 ಅಥವಾ 9ರ ಪಕ್ಕ, ಅರದಿಂದ ಉಜ್ಜಿದಂಥ ಸಣ್ಣ ಕಚ್ಚು ಕಂಡರೆ ಬಹುಮಟ್ಟಿಗೆ ಅದು ಮರುಬಣ್ಣದ್ದೇ. ಮತ್ತೆ ಅಚ್ಚು ಹಾಕುವಾಗ ಡಯಲ್ ನೇರ ಕೂರಲಿ ಅಂತ ಆ ಗುರುತು ಮಾಡಿಕೊಂಡಿರುತ್ತಾರೆ.

ಇಲ್ಲಿ ನಮ್ಮ ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಸಕಲೇಶಪುರದ ಮಳೆಗಾಲವನ್ನು ವರ್ಷಾನುಗಟ್ಟಲೆ ಕಂಡ ವಾಚಿನ ಡಯಲ್ ಕಲೆ ಬೀಳದೆ ಇರುವುದು ಕಷ್ಟ. ಗ್ಲಾಸಿನ ಒಳಗೆ ಹಬೆ ಕೂತು, ಅಂಚಿನಿಂದ ಒಳಕ್ಕೆ ಚುಕ್ಕೆ ಹಬ್ಬುತ್ತದೆ, ಬೂಷ್ಟಿನ ಹಾಗೆ. ಜನ ಇದನ್ನು ಮುಚ್ಚಿಡಲು ನೋಡುತ್ತಾರೆ. ನಾನಾದರೆ ಅದನ್ನೇ ಮೊದಲ ಫೋಟೋ ಮಾಡುತ್ತೇನೆ. ಕೇಸು ಸವೆದಿದೆ, ಮುಚ್ಚಳ ಗೀರಾಗಿದೆ, ಡಯಲ್ ಮಾತ್ರ ಇವತ್ತು ಬೆಳಿಗ್ಗೆ ಹುಟ್ಟಿದ ಹಾಗೆ ಫಳಫಳ ಅಂತಿದೆ ಅಂದರೆ ಅನುಮಾನ ಬರಲೇಬೇಕು ಅಲ್ವಾ?

ನಾವು ರೇಡಿಯಂ ಅಂತ ಕರೆಯುವ, ಕತ್ತಲಲ್ಲಿ ಹೊಳೆಯುವ ಬಣ್ಣದ್ದೂ ಇದೇ ಕತೆ. ಹಳೇ ಸ್ವಿಸ್ ವಾಚುಗಳಲ್ಲಿ, ಅದರಲ್ಲೂ 1960ರ ದಶಕದಿಂದ ಈಚಿನವುಗಳಲ್ಲಿ, ಟ್ರಿಟಿಯಂ ಅನ್ನುವ ವಿಕಿರಣ ಸೂಸುವ ವಸ್ತು ಬಳಸುತ್ತಿದ್ದರು. ಅದರ ಶಕ್ತಿ ಸುಮಾರು 12 ವರ್ಷಕ್ಕೆ ಅರ್ಧ ಇಳಿಯುತ್ತದೆ. ಅದಕ್ಕೂ ಹಿಂದಿನ ವಾಚುಗಳಲ್ಲಿ ನಿಜವಾದ ರೇಡಿಯಮ್ಮೇ ಇತ್ತು. ರೇಡಿಯಂ ಸಾವಿರಾರು ವರ್ಷ ಉಳಿದರೂ ಅದರ ಜೊತೆ ಬೆರೆಸಿದ ಹೊಳೆಯುವ ಪುಡಿ ಬೇಗ ಸಾಯುತ್ತದೆ. ಹಾಗಾಗಿ 1970ರ ವಾಚು ಅಂತ ಹೇಳಿ ರಾತ್ರಿಯೆಲ್ಲ ಹಸಿರಾಗಿ ಬೆಳಗಿದರೆ ಬಣ್ಣ ಈಚಿನದ್ದು. ಅಂದಹಾಗೆ, ತುಂಬ ಹಳೇ ವಾಚಿನ ರೇಡಿಯಂ ಕೆರೆಯಲು ಹೋಗಬೇಡಿ, ಆ ಪುಡಿ ಮೂಗಿಗೆ ಹೋಗಬಾರದು.

ಆಮೇಲೆ ಮುಚ್ಚಳ ಬಿಚ್ಚಿಸಬೇಕು. ಚಾಕು ಹಾಕಿ ಮೀಟಬೇಡಿ ದಯವಿಟ್ಟು. ಹಾಸನದ ಬಿ.ಎಂ. ರಸ್ತೆಯ ಕಡೆಯೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕಡೆಯೋ ಹೋದಾಗ ಕೀ ಕೊಡುವ ವಾಚಿನ ಕೆಲಸ ಗೊತ್ತಿರುವ ಹಳಬರನ್ನು ವಿಚಾರಿಸಿ. ಬರೀ ಸೆಲ್ ಹಾಕಿಕೊಡುವವರಿಂದ ಇದು ಆಗುವುದಿಲ್ಲ. ಮಶೀನಿನ ಮೇಲೆ ಕಂಪನಿ ಹೆಸರು, ಜುವೆಲ್ ಎಷ್ಟು ಅನ್ನುವುದು ಕೊರೆದಿರುತ್ತದೆ, ಅದರ ಫೋಟೋ ತೆಗೆಯಿರಿ. ಮುಚ್ಚಳದ ಒಳಮುಖವನ್ನೂ ಓರೆ ಬೆಳಕಿನಲ್ಲಿ ನೋಡಿ. ಹಳೇ ರಿಪೇರಿಯವರು ಸೂಜಿಯಿಂದ ಗೀಚಿದ ನಂಬರು, ಕೆಲವೊಮ್ಮೆ ತಾರೀಖು ಸಿಗುತ್ತದೆ. ಅದು ನಿಮ್ಮ ವಾಚಿನ ಆಸ್ಪತ್ರೆ ಚೀಟಿ, ಒರೆಸಲು ಬಿಡಬೇಡಿ.

ನಿಮ್ಮ ಮನೆಯಲ್ಲಿ ಜಪಾನಿನ ಸೀಕೋ 5 ವಾಚು ಕೂಡ ಇದ್ದರೆ ಅದರ ಪರೀಕ್ಷೆ ಇನ್ನೂ ಸಲೀಸು. ಮುಚ್ಚಳದ ಮೇಲೆ 7009 ಅಂತ ಶುರುವಾಗುವ ಮಾಡೆಲ್ ನಂಬರ್ ಇದೆ ಅಂದುಕೊಳ್ಳಿ, ಡಯಲ್‌ನ ತಳದ ಸಣ್ಣ ಅಕ್ಷರದಲ್ಲೂ 7009 ಇರಬೇಕು. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 78 ಅಂತ ಶುರುವಾದರೆ 1977ರ ಅಥವಾ 1987ರ ಆಗಸ್ಟ್. ಸ್ವಿಸ್ ಕಂಪನಿಗಳಲ್ಲಿ ಲಾಂಜೀನ್ಸ್‌ನಂಥವು ಸೀರಿಯಲ್ ನಂಬರ್ ಕೊಟ್ಟರೆ ತಮ್ಮ ಹಳೇ ದಾಖಲೆ ನೋಡಿ ಹೇಳುತ್ತವೆ.

ಗ್ಲಾಸು, ಸ್ಪ್ರಿಂಗು, ಬೆಲ್ಟು ಬದಲಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೀ ಬದಲಾಗಿದ್ದರೆ ಹೇಳಿಬಿಡಿ. ಡಯಲ್ ಬದಲಾಗಿದ್ದರೆ ಹೇಳಲೇಬೇಕು, ಬೆಲೆಯನ್ನೂ ಇಳಿಸಬೇಕು. ಮಾರುವ ಮುಂಚೆ ಚೆನ್ನಾಗಿ ಕಾಣಲಿ ಅಂತ ಪಾಲಿಶ್ ಮಾತ್ರ ಹೊಡೆಸಬೇಡಿ. ಬೆಲ್ಟ್ ಸಿಕ್ಕಿಸುವ ಕಿವಿಗಳ ಅಂಚು ಒಮ್ಮೆ ದುಂಡಗಾದರೆ ಮತ್ತೆ ಬರುವುದಿಲ್ಲ. ಕ್ರೋಮ್ ಎದ್ದು ಹಿತ್ತಾಳೆ ಕಾಣುತ್ತಿದ್ದರೆ ಕಾಣಲಿ ಬಿಡಿ. ತಂದೆಯವರು ವಾಚು ಕಟ್ಟಿಕೊಂಡ ಹಳೇ ಫೋಟೋ ಇದ್ದರೆ ಅದನ್ನೂ ಹಾಕಿ. ಡಯಲ್ ಬಗ್ಗೆ ಅದೇನೂ ಹೇಳದಿದ್ದರೂ ವಾಚು ಯಾರ ಮನೆಯದು ಅಂತ ಹೇಳುತ್ತದೆ.

ಜಾಹೀರಾತಿನಲ್ಲಿ ಸುಮ್ನೆ “100% ಒರಿಜಿನಲ್” ಅಂತ ಬರೆಯಬೇಡಿ, ಬಾಂಬೆ ಮಾಲಿನವರು ಬರೆಯುವುದೂ ಅದನ್ನೇ. ಹೀಗೆ ಬರೆಯಿರಿ: “ಒಂದೇ ಮನೆಯ ವಾಚು. ಮಶೀನು, ಕೇಸು ಹಳೆಯದೇ. ಡಯಲ್‌ಗೆ ಬಣ್ಣ ಹೊಡೆಸಿದ ಗುರುತು ಕಾಣಲಿಲ್ಲ, ಕಲೆ ಇದೆ, ಫೋಟೋ ನೋಡಿ. ಗ್ಲಾಸು ಬದಲಾಗಿದೆ. ಕೀ ಬದಲಾಗಿರಬಹುದು.” ಕೊಳ್ಳುವವರು ಹಾಸನಕ್ಕೇ ಬರುತ್ತಾರಾದರೆ ಮನೆಗೆ ಕರೆಯುವ ಬದಲು ರಿಪೇರಿ ಅಂಗಡಿಗೇ ಬರಹೇಳಿ, ಅವರ ಕಣ್ಣೆದುರೇ ಮುಚ್ಚಳ ಬಿಚ್ಚಿಸಿ. ಬಿಚ್ಚಿಸಿದ ಕೂಲಿ ನೀವೇ ಕೊಡಿ.