ರಿಪೋರ್ಟ್ ಸರಿಯಿತ್ತು, ತಾಯಿಯೂ ಸುಳ್ಳು ಹೇಳಿರಲಿಲ್ಲ

ಟೀವಿಯ ಕೋರ್ಟ್ ಸೀನ್‌ನಲ್ಲಿ ಡಿಎನ್‌ಎ ರಿಪೋರ್ಟ್ ಬಂತು ಅಂದರೆ ಕೇಸು ಮುಗಿದಂತೆ. ಲಕೋಟೆ ಒಡೆದ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಬ್ಬ ತಾಯಿ ನೆನಪಾಗುತ್ತಾಳೆ.

2002ರ ಮಾತು. ಇಬ್ಬರು ಮಕ್ಕಳು, ಮೂರನೆಯದು ಹೊಟ್ಟೆಯಲ್ಲಿ. ಸಂಗಾತಿಯಿಂದ ಬೇರೆಯಾಗಿದ್ದ ಆಕೆ ಸರ್ಕಾರದ ನೆರವು ಕೇಳಿದಳು. ತಂದೆ ಯಾರೆಂದು ಖಾತ್ರಿ ಮಾಡಿಕೊಳ್ಳಲು ಎಲ್ಲರಿಗೂ ಡಿಎನ್‌ಎ ಪರೀಕ್ಷೆ ಆಯಿತು. ತಂದೆಯದು ಹೊಂದಿತು. ತಾಯಿಯದೇ ಹೊಂದಲಿಲ್ಲ!

ಈ ಪರೀಕ್ಷೆಯ ಲೆಕ್ಕ ಸರಳ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬಂದಿರುತ್ತದೆ. ಅಂಥ ಜಾಗದಲ್ಲಿ ನಮಗೆ ಅಮ್ಮನದೊಂದು, ಅಪ್ಪನದೊಂದು ಪ್ರತಿ. ಅಮ್ಮನಲ್ಲಿ ಆ ತುಣುಕು ಒಂದು ಪ್ರತಿಯಲ್ಲಿ 9 ಸಲ, ಇನ್ನೊಂದರಲ್ಲಿ 12 ಸಲ ಇದ್ದರೆ, ಮಗುವಿನಲ್ಲೂ 9 ಅಥವಾ 12 ಕಾಣಬೇಕು. ಹೀಗೆ ಹಲವು ಜಾಗ ನೋಡುತ್ತಾರೆ. ಒಂದು ಕಡೆ ತಪ್ಪಬಹುದು, ಇಷ್ಟೊಂದು ಕಡೆ ತಪ್ಪುತ್ತಾ?

ಮೋಸದ ಆರೋಪ ಬಂತು. ಮಕ್ಕಳನ್ನು ಕಿತ್ತುಕೊಳ್ಳುವ ಮಾತೂ ಬಂತು. ಕೊನೆಗೆ ಜಡ್ಜ್, ಹೆರಿಗೆಯ ಹೊತ್ತಿಗೆ ಸಾಕ್ಷಿಯೊಬ್ಬರು ಅಲ್ಲೇ ಇರಬೇಕು ಎಂದರು. ಆಕೆ ನೋವು ತಿನ್ನುತ್ತಿದ್ದ ಕೋಣೆಯಲ್ಲಿ ಕೋರ್ಟಿನ ಕಡೆಯವರು ನಿಂತಿದ್ದರು. ಮಗು ಹುಟ್ಟಿದ ಕೂಡಲೇ ಇಬ್ಬರ ರಕ್ತ ತೆಗೆದರು. ಅದೂ ಹೊಂದಲಿಲ್ಲ. ಕಣ್ಣೆದುರೇ ಹೆತ್ತರೂ ನಂಬದಿದ್ದರೆ ಒಬ್ಬ ತಾಯಿ ಇನ್ನೇನು ಸಾಕ್ಷಿ ಕೊಡಬೇಕು?

ದಾರಿ ಸಿಕ್ಕಿದ್ದು ಬೋಸ್ಟನ್‌ನಿಂದ. ಅಲ್ಲಿ ಕಿಡ್ನಿ ಕಸಿಗಾಗಿ ಒಬ್ಬ ಮಹಿಳೆಯ ಮನೆಯವರನ್ನು ಪರೀಕ್ಷಿಸಿದಾಗ, ಮೂವರು ಗಂಡುಮಕ್ಕಳಲ್ಲಿ ಇಬ್ಬರು ಆಕೆಯವರಲ್ಲ ಎಂದು ಬಂದಿತ್ತು. ವೈದ್ಯರು ಬಿಡದೆ ಹುಡುಕಿದರು. ಆಕೆಯ ಮೈಯಲ್ಲಿ ಎರಡು ಬಗೆಯ ಡಿಎನ್‌ಎ ಇತ್ತು. ಅದೇ 2002ರಲ್ಲಿ ಆ ವರದಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಅಚ್ಚಾಯಿತು.

ಇಂಥವರನ್ನು ಕೈಮೆರಾ ಅನ್ನುತ್ತಾರೆ. ಗ್ರೀಕರ ಕತೆಯಲ್ಲಿ ಸಿಂಹ, ಮೇಕೆ, ಹಾವು ಸೇರಿದ ಪ್ರಾಣಿಯ ಹೆಸರದು. ಹಳೇಬೀಡಿನ ಗೋಡೆಯಲ್ಲಿ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲದ ಮಕರ ನೋಡಿದ್ದೀರಲ್ವಾ, ಹಾಗೆ. ಆದರೆ ಮನುಷ್ಯರಲ್ಲಿ ಸಾಮಾನ್ಯವಾಗಿ ಹೊರಗೆ ಏನೂ ಕಾಣುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಅವಳಿಗಳಾಗಬೇಕಿದ್ದ ಎರಡು ಭ್ರೂಣಗಳು ಮೊದಲ ಕೆಲವೇ ದಿನಗಳಲ್ಲಿ ಬೆಸೆದು ಒಂದೇ ಮಗುವಾಗುತ್ತವೆ. ಮುಂದೆ ಆ ದೇಹದಲ್ಲಿ ಕೆಲವು ಭಾಗ ಒಂದರ ಜೀವಕೋಶಗಳಿಂದ, ಕೆಲವು ಇನ್ನೊಂದರಿಂದ ಬೆಳೆಯುತ್ತವೆ. ರಕ್ತ ಒಬ್ಬಳದು, ಅಂಡಾಣು ಹುಟ್ಟದೇ ಉಳಿದ ಅವಳಿಯದು. ರಕ್ತದ ಲೆಕ್ಕದಲ್ಲಿ ಆಕೆ ತನ್ನ ಮಕ್ಕಳಿಗೇ ಚಿಕ್ಕಮ್ಮ!

ವಾಷಿಂಗ್ಟನ್‌ನ ವಕೀಲರು ಈ ಎಳೆ ಹಿಡಿದರು. ಮಕ್ಕಳ ಡಿಎನ್‌ಎ ಅಜ್ಜಿಯದಕ್ಕೆ, ಅಂದರೆ ಆಕೆಯ ತಾಯಿಯದಕ್ಕೆ, ಮೊಮ್ಮಕ್ಕಳಿಗೆ ಹೊಂದುವಷ್ಟೇ ಹೊಂದಿತು. ಆಕೆಯ ಚರ್ಮ, ಕೂದಲು ನೋಡಿದರು. ಇಲ್ಲ. ಕೊನೆಗೆ ಗರ್ಭಕೋಶದ ಬಾಯಿಯಿಂದ ಸವರಿ ತೆಗೆದ ಜೀವಕೋಶಗಳನ್ನು ನೋಡಿದರು. ಅಲ್ಲಿ ಸಿಕ್ಕಿತು ಮಕ್ಕಳ ತಾಯಿಯ ಡಿಎನ್‌ಎ.